ನೋಡುವ ಕಣ್ಣುಗಳು

ಸದ್ಭಕ್ತರೇ, ಸುತ್ತ ಜನ ನೆರೆದರೆ ಆಟಗಾರನ ಬಲ ಹೆಚ್ಚುವುದೆಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಸತ್ಯ. ಕೋಲಿನಿಂದ ಚೆಂಡನ್ನು ಮೇಜಿನ ಕುಳಿಗೆ ತಳ್ಳುವ ಪೂಲ್ ಎಂಬ ಆಟವೊಂದುಂಟು. ಅಮೆರಿಕದ ಒಂದು ವಿದ್ಯಾಲಯದಲ್ಲಿ ಅದನ್ನು ಆಡುವವರನ್ನು ಮೈಕೆಲ್ಸ್ ಮತ್ತು ಸಂಗಡಿಗರು ಮೊದಲು ಅವರಿಗೆ ತಿಳಿಯದಂತೆ ಗಮನಿಸಿದರು. ಬಳಿಕ ನಾಲ್ವರು ಮೇಜಿನ ಹತ್ತಿರ ಬಂದು ನಿಂತರು, ಅಷ್ಟೆ. ನುರಿತವರ ಗುರಿ ನೂರಕ್ಕೆ 71 ಇದ್ದದ್ದು 80ಕ್ಕೇರಿತು. ಅಷ್ಟಾಗಿ ಬಾರದವರದು 36ರಿಂದ 25ಕ್ಕಿಳಿಯಿತು. ಇದು 1982ರಲ್ಲಿ ಪ್ರಕಟವಾದ ಸಂಗತಿ. ಜನರೆದುರು ಮೈ ಕಾವೇರುತ್ತದೆ, ಆಗ ರೂಢಿಯಾದದ್ದೇ ಮುನ್ನುಗ್ಗುತ್ತದೆ, ಅದು ಸರಿಯಿರಲಿ ತಪ್ಪಿರಲಿ ಎಂದು ಜಾಯನ್ಸ್ ಎಂಬ ಮನಶ್ಶಾಸ್ತ್ರಜ್ಞರು 1965ರಲ್ಲೇ ಹೇಳಿದ್ದರು. ನಾವು ಮೊದಲ ಸಲ ಸಭೆಯಲ್ಲಿ ನಿಂತಾಗ ಅರೆಬರೆ ಕಲಿತ ಮಾತು ನಾಲಿಗೆಗೆ ಬರಲೇ ಇಲ್ಲ, ನಗಬೇಡಿ.

ಕುಸ್ತಿ ಕಲಿಯಲು ಗರಡಿಗೆ ಹೋದ ಹುಡುಗನ ಸುತ್ತ ನೆಂಟರಿಷ್ಟರು ನಿಂತು ಕೂಗುವುದು ಪ್ರೀತಿಯಿಂದಲೇ. ಆದರೂ ಪಟ್ಟುಗಳು ಮೈಗೆ ಹತ್ತುವವರೆಗೆ ಅವನನ್ನು ಉಸ್ತಾದರ ಬಳಿ ಬಿಟ್ಟು ಬನ್ನಿ. ಹೆತ್ತವರಿಗೆ ಅದು ಕಷ್ಟ, ಬಲ್ಲೆವು. ಜಾತ್ರೆಯ ಕಣಕ್ಕೆ ಅವನು ಇಳಿದ ದಿನ ಬೇಕಾದಷ್ಟು ಕೂಗಿ, ನಾವೂ ಬರುತ್ತೇವೆ.