ಯಂತ್ರದ ಪ್ರತಿಯೂ ಬಳಕೆಯ ಹಕ್ಕೂ
(ಪೋಷಕರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರ್ಪಟ್ಟವು. ಗಡಿಗಳು ಬದಲಾದರೂ ಹೊಸೂರು, ಡೆಂಕಣಿಕೋಟೆಗಳ ಸುತ್ತ ಕನ್ನಡವು ಮನೆಮಾತಾಗಿ ಉಳಿದುಬಂದಿದೆ. ಇಂತಹ ಕಡೆ ಶಾಲೆ ನಡೆಸುವ ಧರ್ಮಸಂಸ್ಥೆಗೆ ಹಾಜರಿ, ಅಂಕಪಟ್ಟಿ, ದಾನಿಗಳ ಲೆಕ್ಕ ಇವೇ ಆಸ್ತಿ. ಈ ಆಸ್ತಿ ಈಗ ಕಪಾಟನ್ನು ಬಿಟ್ಟು ಗಣಕಕ್ಕೂ, ಅಲ್ಲಿಂದ ಕ್ಲೌಡಿಗೂ ಸಾಗುತ್ತಿದೆ. ಆದಕಾರಣ ಈ ವಿಷಯವನ್ನು ಆರಿಸಿಕೊಂಡೆನು.

ಕ್ಲೌಡಿನಲ್ಲಿ ನಮಗೆ ಬಾಡಿಗೆಗೆ ದೊರೆಯುವ ಗಣಕವು ಕಣ್ಣಿಗೆ ಕಾಣುವ ಯಂತ್ರವಲ್ಲ. ದೊಡ್ಡದೊಂದು ಯಂತ್ರದೊಳಗೆ ತಂತ್ರಾಂಶವೇ ರೂಪಿಸಿದ ಯಂತ್ರ. ಅದರ ಸಮಸ್ತ ಸ್ಥಿತಿಯನ್ನೂ ಅಚ್ಚೊತ್ತಿದಂತೆ ತೆಗೆದಿಡುವುದಕ್ಕೆ ಇಮೇಜ್ ಎಂದು ಹೆಸರು. ಯಂತ್ರ ಕೆಟ್ಟರೆ ಇಮೇಜಿನಿಂದ ಮತ್ತೊಂದನ್ನು ಸೃಷ್ಟಿಸಬಹುದು. ನಮ್ಮ ಸೀಮೆಯ ಮಾವಿನ ತೋಟದವರಿಗೆ ಇದು ಹೊಸ ಮಾತಲ್ಲ. ಕಸಿ ಕಟ್ಟಿದರೆ ತಾಯಿಮರದ ಹಣ್ಣೇ ಬರುತ್ತದೆ. ಆದರೆ ಸಸಿಯನ್ನು ನೆಡುವ ನೆಲದ ಪಟ್ಟಾ ಕಸಿಯೊಡನೆ ಬರುವುದಿಲ್ಲ. ಹಾಗೆಯೇ, ಇಮೇಜಿನೊಡನೆ ತಂತ್ರಾಂಶ ಬರುತ್ತದೆ. ಅದನ್ನು ಬಳಸುವ ಲೈಸೆನ್ಸ್ ತಾನಾಗಿ ಬರುವುದೆಂಬ ಭರವಸೆಯಿಲ್ಲ.

ಲೈಸೆನ್ಸುಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬಹುದು. ಮೊದಲನೆಯದು ಬಾಡಿಗೆಯಲ್ಲಿಯೇ ಸೇರಿರುವುದು. ಅಮೆಜಾನಿನ ಕ್ಲೌಡಿನಲ್ಲಿ ವಿಂಡೋಸ್, ರೆಡ್ ಹ್ಯಾಟ್, ಸೂಸೆ ಮೊದಲಾದವುಗಳ ಇಮೇಜಿಗೆ ಬಿಲ್ಲಿನ ಗುರುತೊಂದು ಅಂಟಿಕೊಂಡಿರುತ್ತದೆ. ಯಂತ್ರದಿಂದಲೇ ನೇರವಾಗಿ ಇಮೇಜ್ ತೆಗೆದರೆ ಆ ಗುರುತು ಉಳಿಯುತ್ತದೆ. ಡಿಸ್ಕಿನ ಸ್ನ್ಯಾಪ್‌ಶಾಟ್‌ನಿಂದ ಇಮೇಜ್ ಕಟ್ಟಿದರೆ ಅದು ಕಳಚಿಹೋಗುವುದುಂಟು. ಆಗ ನವೀಕರಣಗಳು ದೊರೆಯದೆ ಹೋಗಬಹುದು.

ಎರಡನೆಯದು ನಾವೇ ಕೊಂಡು ತಂದ ಲೈಸೆನ್ಸ್. ಮೈಕ್ರೋಸಾಫ್ಟಿನ ಅಜೂರ್‌ನಲ್ಲಿ ಸ್ವಂತ ವಿಂಡೋಸ್ ಲೈಸೆನ್ಸನ್ನು ಉಪಯೋಗಿಸುವ ಸೌಲಭ್ಯವುಂಟು. ಆದರೆ ಹಾಗೆಂದು ಸೂಚಿಸುವ ಗುರುತನ್ನು ಹೊಸ ಯಂತ್ರಕ್ಕೂ ಹಾಕಬೇಕು. ಮರೆತರೆ ಒಂದೇ ಹಕ್ಕಿಗೆ ಎರಡು ಸಲ ಹಣ ತೆತ್ತಂತಾಗುವುದು. ಕೆಲವು ತಂತ್ರಾಂಶಗಳು ಯಂತ್ರದ ಗುರುತುಸಂಖ್ಯೆಗೆ ಬಿಗಿಯಲ್ಪಟ್ಟಿರುತ್ತವೆ. ಹೊಸ ಯಂತ್ರಕ್ಕೆ ಹೊಸ ಸಂಖ್ಯೆ ಬಂದೊಡನೆ ಅವು ಕೆಲಸ ನಿಲ್ಲಿಸುತ್ತವೆ. ಪರೀಕ್ಷೆಯ ಅಂಕಗಳನ್ನು ಕಳುಹಿಸಬೇಕಾದ ದಿನವೇ ಹೀಗಾದರೆ ನಷ್ಟ ಸಂಸ್ಥೆಗಿಂತ ಮಕ್ಕಳಿಗೆ ಹೆಚ್ಚು. ಇನ್ನು, ಹಳೆಯದನ್ನು ನಿಲ್ಲಿಸದೆ ಹೊಸದನ್ನೂ ನಡೆಸಿದರೆ, ಒಂದು ಲೈಸೆನ್ಸಿನ ಮೇಲೆ ಎರಡು ಯಂತ್ರಗಳನ್ನು ಓಡಿಸಿದಂತಾಗುತ್ತದೆ.

ಕಾನೂನಿನ ಮಾತನ್ನೂ ಕೇಳಿರಿ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯು ಗಣಕದ ತಂತ್ರಾಂಶವನ್ನು ಈಗ ಸಾಹಿತ್ಯಕೃತಿಯ ಸಾಲಿನಲ್ಲಿಯೇ ಇರಿಸಿದೆ. ನ್ಯಾಯವಾಗಿ ಪಡೆದವನು ನಷ್ಟದಿಂದ ತಾತ್ಕಾಲಿಕ ರಕ್ಷಣೆಗಾಗಿ ಪ್ರತಿ ಇಟ್ಟುಕೊಳ್ಳಬಹುದೆಂದು 52ನೆಯ ಪ್ರಕರಣ ಒಪ್ಪುತ್ತದೆ. ಆದರೆ ಅಕ್ರಮ ಪ್ರತಿಯನ್ನು ತಿಳಿದೂ ಬಳಸಿದವನಿಗೆ 63ಬಿ ಪ್ರಕರಣವು 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯವು ಕಾರಣ ಬರೆದು ಸೆರೆವಾಸವನ್ನು ಬಿಡಬಹುದು; ಆಗಲೂ 50 ಸಾವಿರದವರೆಗೆ ದಂಡವಿದೆ. ಧರ್ಮಕಾರ್ಯವೆಂಬ ಮಾತ್ರಕ್ಕೆ ಪೂರ್ಣ ವಿನಾಯಿತಿಯಿಲ್ಲ.

ಮೂರನೆಯದು ಸ್ವತಂತ್ರ ತಂತ್ರಾಂಶ. ಲಿನಕ್ಸ್ ತಿರುಳು 1992ರಿಂದ ಜಿ.ಪಿ.ಎಲ್. ಎಂಬ ಲೈಸೆನ್ಸಿನಲ್ಲಿದೆ. ಇದರ ಪ್ರತಿಗಳನ್ನು ಎಷ್ಟು ಬೇಕಾದರೂ ಮಾಡಿ ಓಡಿಸಬಹುದು. ನೆರೆಯ ಕೇರಳದಲ್ಲಿ 2001ರಲ್ಲಿ ಹುಟ್ಟಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಶಾಲಾ ಗಣಕ ಯೋಜನೆಯು ಸ್ವತಂತ್ರ ತಂತ್ರಾಂಶವನ್ನೇ ಆಶ್ರಯಿಸಿತು. ಕಾಸರಗೋಡಿನ ಕನ್ನಡ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ. ನಾವೂ ಆಲೋಚಿಸತಕ್ಕ ದಾರಿ ಇದು.

ಕಡೆಯದಾಗಿ ಒಂದು ವಿನಂತಿ. ಪ್ರತಿಯೊಂದು ಇಮೇಜಿಗೂ ಪುಸ್ತಕದಲ್ಲಿ ಒಂದು ಪುಟ ಮೀಸಲಿಡಿರಿ. ಯಾವ ತಂತ್ರಾಂಶಗಳಿವೆ, ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಎಷ್ಟು ಯಂತ್ರಗಳಿಗೆ, ಎಂದಿನವರೆಗೆ ಎಂಬುದನ್ನು ಬರೆಯಿರಿ. ವರ್ಷಕ್ಕೊಮ್ಮೆ, ಶಾಲೆಗೆ ರಜೆಯಿರುವಾಗ, ಇಮೇಜಿನಿಂದ ಯಂತ್ರವನ್ನು ಎಬ್ಬಿಸಿ ಪರೀಕ್ಷಿಸಿರಿ. ದಾನಿಗಳು ಕೊಟ್ಟ ಹಣಕ್ಕೆ ಲೆಕ್ಕವಿಡುವ ನಾವು, ಪರರ ಶ್ರಮದಿಂದಾದ ತಂತ್ರಾಂಶದ ಹಕ್ಕಿಗೂ ಲೆಕ್ಕವಿಡುವುದು ಧರ್ಮವೇ ಸರಿ.