ಹಲ್ಲಿನ ಜೀವ ಉಳಿಸಿಕೊಳ್ಳಿ



ಎಂಟು ವರ್ಷದ ಮಗುವಿನ ಹುಳುಕು ದವಡೆ ಹಲ್ಲು ತೋರಿಸಿ, "ಹಾಲುಹಲ್ಲು ಐತ್ರಿ, ಕಿತ್ತುಬಿಡ್ರಿ, ಮತ್ತ ಬರತೈತಿ" ಎನ್ನುವವರು ಬಹಳ. ಆದರೆ ಎಷ್ಟೋ ಸಲ ಅದು ಹಾಲುಹಲ್ಲಲ್ಲ. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳದ ಕಾರಣ ಮನೆಯವರಿಗೆ ತಿಳಿಯುವುದೇ ಇಲ್ಲ. ಇದು ಹೋದರೆ ಮತ್ತೆ ಬಾರದು.

ಹಲ್ಲಿನೊಳಗೆ ರಕ್ತನಾಳ, ನರಗಳಿರುವ ಮೃದುವಾದ ತಿರುಳಿದೆ. ಹಲ್ಲು ಹುಟ್ಟಿದ ಮೇಲೆ ಅದರ ಬೇರು ಪೂರ್ತಿ ಬೆಳೆಯಲು ಇನ್ನೂ ಸುಮಾರು 3 ವರ್ಷ ಬೇಕು. ಬೇರು ಬೆಳೆಯಲು ಈ ತಿರುಳು ಜೀವಂತವಾಗಿರಬೇಕು. ಅದು ನಡುವೆಯೇ ಸತ್ತರೆ ಬೇರು ಗಿಡ್ಡವಾಗಿ, ತೆಳ್ಳಗೆ ಉಳಿದು ಹಲ್ಲು ಬೇಗ ಮುರಿಯುತ್ತದೆ.

ಆದ್ದರಿಂದ ಸಾಧ್ಯವಿದ್ದಲ್ಲಿ ತಿರುಳನ್ನು ಉಳಿಸುವ ಚಿಕಿತ್ಸೆ ಮಾಡುತ್ತಾರೆ. ಜಾಗ ಮರಗಟ್ಟಿಸಿ, ಹುಳುಕು ತೆಗೆದು, ತಿರುಳು ತುಸು ತೆರೆದುಕೊಂಡಿದ್ದರೆ ಅದರ ಮೇಲೆ ಔಷಧ ಮುಚ್ಚುತ್ತಾರೆ. ತಿರುಳಿನ ಮೇಲ್ಭಾಗ ಕೆಟ್ಟಿದ್ದರೆ ಅಷ್ಟನ್ನೇ ತೆಗೆದು, ರಕ್ತ ನಿಂತ ಮೇಲೆ ಔಷಧವಿಟ್ಟು ಬಿಗಿಯಾಗಿ ತುಂಬುತ್ತಾರೆ. ಮೊದಲು ಇದಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಳಸುತ್ತಿದ್ದರು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಎಂ.ಟಿ.ಎ. ಎಂಬ ಸಿಮೆಂಟ್ ಸಿದ್ಧವಾಯಿತು. ಇದು ತೇವದಲ್ಲಿಯೂ ಗಟ್ಟಿಯಾಗುತ್ತದೆ. ಇದರ ಕೆಳಗೆ ತಿರುಳು ತಾನೇ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ದೊಡ್ಡವರ ಹಲ್ಲಿಗೂ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು 2019ರಲ್ಲಿ ಯುರೋಪಿನ, 2021ರಲ್ಲಿ ಅಮೆರಿಕದ ತಜ್ಞರ ಸಂಘಗಳು ಹೇಳಿವೆ.

ಎಲ್ಲ ಹಲ್ಲಿಗೂ ಇದು ಆಗದು. ತಿರುಳು ಪೂರ್ತಿ ಸತ್ತು ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದ್ದರೆ ಬೇರೆ ಚಿಕಿತ್ಸೆಯೇ ಬೇಕು. ಇದು ಫಲಿಸದಿದ್ದರೂ ಸಾಮಾನ್ಯವಾಗಿ ಬೇರುನಾಳದ ಚಿಕಿತ್ಸೆಯ ದಾರಿ ಉಳಿದಿರುತ್ತದೆ. ಆದ್ದರಿಂದ ನೋವಿಲ್ಲದಿದ್ದರೂ ವೈದ್ಯರು ಹೇಳಿದ ದಿನ ಎಕ್ಸ್‌ರೇ ತಪಾಸಣೆಗೆ ತಪ್ಪದೆ ಬನ್ನಿ.

ಇವನ್ನು ನೆನಪಿಡಿ:

1. ತಣ್ಣೀರಿಗೆ ಹಲ್ಲು ಜುಂ ಎಂದರೆ ತಡಮಾಡದೆ ತೋರಿಸಿ.

2. ಹಲವು ದಿನ ಕಾಡಿದ ನೋವು ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ, ತಿರುಳು ಸತ್ತಿರಬಹುದು.

3. ಹುಳುಕಿನೊಳಗೆ ತಂಬಾಕು ಪುಡಿ ತುಂಬಬೇಡಿ.

4. ಆಟವಾಡುವಾಗ ಮುಂದಿನ ಹಲ್ಲು ಮುರಿದರೆ ಅಂದೇ ಬನ್ನಿ. ಚೂರು ಸಿಕ್ಕರೆ ನೀರಿನಲ್ಲೋ ಹಾಲಿನಲ್ಲೋ ಇಟ್ಟು ತನ್ನಿ.

ನಿಮ್ಮ ಮಗುವಿಗೆ 6 ವರ್ಷ ತುಂಬಿದೆಯೇ? ಇಂದೇ ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಸಾಲಿನ ಕೊನೆಯ ಹಲ್ಲು ನೋಡಿರಿ. ಕಪ್ಪು ಚುಕ್ಕೆಯೋ ಗುಳಿಯೋ ಕಂಡರೆ, ನೋವು ಬರುವ ಮೊದಲೇ ಕರೆತನ್ನಿರಿ.