ಫ್ರಿಲ್ ಹಾಕ್ಕೊಂಡೇ ಸ್ಟ್ಯಾಂಡಪ್ ಮೀಟಿಂಗಿಗೆ

ಇವತ್ತು ಕೋಡ್ ಬಗ್ಗೆ ಮಾತಿಲ್ಲ, ಮನೆ ಬಾಡಿಗೆ ಬಗ್ಗೆಯೂ ಇಲ್ಲ. ಬಟ್ಟೆ ಬಗ್ಗೆ.

ನಾನು ಅಹಮದಾಬಾದಿಗೆ ಬಂದು ಆರು ವರ್ಷ ಆಯ್ತು, ಟೆಸ್ಟಿಂಗ್ ಕೆಲಸ. ದಿನಾ ಆಫೀಸಿಗೆ ಹಾಕೋದು ಲೇಸ್ ಕಾಲರಿನ ಬ್ಲೌಸ್, ಪಫ್ ತೋಳು, ನೆರಿಗೆ ತುಂಬಿದ ಪಾದದವರೆಗಿನ ಲಂಗ, ಕಿವಿಗೆ ಝುಮಕಿ. ಹಬ್ಬ ಅಂತ ಅಲ್ಲ, ಮಂಗಳವಾರ ಅಂತ. "ಇವತ್ತೇನು ವಿಶೇಷ?" ಅನ್ನೋ ಪ್ರಶ್ನೆ ಬರದ ವಾರ ಇಲ್ಲ. ಅದನ್ನ ನಗ್ತಾ ದಾಟಿಸಬಹುದು. ಆದ್ರೆ ಹೋದ ವರ್ಷದ ಅಪ್ರೈಸಲ್‌ನಲ್ಲಿ "ಕ್ಲೈಂಟ್ ಮುಂದೆ ಇನ್ನೂ ಸ್ವಲ್ಪ ಸೀರಿಯಸ್ ಆಗಿ ಕಾಣಿಸಿಕೊಳ್ಳಬೇಕು" ಅಂತ ಒಂದು ಸಾಲು ಬಂತು. ಡ್ರೆಸ್ ಕೋಡಿನಲ್ಲಿ ಯಾವ ನಿಯಮ ಮುರಿದಿದೆ ಅಂತ ಕೇಳಿದೆ. ಯಾವುದೂ ಇಲ್ಲ ಅಂದ್ರು. ಸಾಲು ಮಾತ್ರ ಅಳಿಸಲಿಲ್ಲ.

ನನಗೆ ವಿಚಿತ್ರ ಅನ್ಸೋದು ಏನು ಗೊತ್ತಾ? ಇದು ಗುಜರಾತ್. ನವರಾತ್ರಿಯ ಒಂಬತ್ತು ರಾತ್ರಿ ಇದೇ ಆಫೀಸಿನ ಹುಡುಗಿಯರು ಕನ್ನಡಿ ಕಸೂತಿಯ ಚಣಿಯಾ ಚೋಳಿ ಹಾಕ್ಕೊಂಡು ಬರ್ತಾರೆ. ಲಾ ಗಾರ್ಡನ್ ಪಕ್ಕ, ರಾಣಿ ನೋ ಹಜೀರೋ ಸುತ್ತ ಗಲ್ಲಿಗಳಲ್ಲಿ ಲಂಗದ ಘೇರ್ ಎಷ್ಟು ಮೀಟರ್ ಅಂತ ಚೌಕಾಸಿ ನಡೆಯುತ್ತೆ. ವಡೋದರಾದ ಗರ್ಬಾ ಮೈದಾನದಲ್ಲಿ ಸಾವಿರಾರು ಲಂಗ ಒಟ್ಟಿಗೆ ತಿರುಗೋದು ನೋಡಿದ್ರೆ ಹಿಂದಿನ ದಿನದ ಬಗ್ ಲಿಸ್ಟ್ ಮರೆತುಹೋಗುತ್ತೆ. ಹತ್ತನೇ ದಿನ ಅದೇ ಘೇರ್ "ಓವರ್" ಆಗಿಬಿಡುತ್ತೆ! ನಮ್ಮ ಕಡೆಯೂ ಅಷ್ಟೇ ಬಿಡಿ. ಮೊಗ್ಗಿನ ಜಡೆ ಹಾಕಿ, ಹಿಂದೆ ಕನ್ನಡಿ ಇಟ್ಟು, ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇಲ್ಲ? ಅಲಂಕಾರಕ್ಕೆ ಒಂದು ದಿನದ ಪರ್ಮಿಷನ್, ಆಮೇಲೆ ಫೋಟೋಗೆ ಚೌಕಟ್ಟು.

ಈ ಊರಿಗೂ ಲೇಸಿಗೂ ಹಳೇ ನಂಟಿದೆ. ಸತ್ಯೇಂದ್ರನಾಥ ಟಾಗೋರ್, ಅಂದ್ರೆ ರವೀಂದ್ರರ ಅಣ್ಣ, ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ. ಅಹಮದಾಬಾದಿನಲ್ಲಿ ಜಡ್ಜ್ ಆಗಿದ್ದರು, ಶಾಹಿಬಾಗ್ ಅರಮನೆಯಲ್ಲಿ ವಾಸ. ನಮ್ಮ ಕಾರವಾರದಲ್ಲೂ ಜಡ್ಜ್ ಆಗಿದ್ದರು. ಅಣ್ಣನ ಮನೆಗೆ ಬಂದ ತಮ್ಮನ ಹೆಸರೇ ಈಗ ಅಲ್ಲಿನ ಬೀಚಿಗಿದೆ. ಇವರ ಹೆಂಡತಿ ಜ್ಞಾನದಾನಂದಿನಿ ದೇವಿ. 1864ರಲ್ಲಿ ಕಲ್ಕತ್ತಾ ಬಿಟ್ಟು ಬೊಂಬಾಯಿಗೆ ಹೊರಟಾಗ ಆ ಹೆಣ್ಣುಮಗಳಿಗೆ ಹೊರಗೆ ಹಾಕುವಂಥ ಬಟ್ಟೆಯೇ ಇರಲಿಲ್ಲ! ಅಂತಃಪುರದ ಹೆಂಗಸರಿಗೆ ಒಂದು ತೆಳು ಸೀರೆ ಸಾಕು ಅನ್ನೋ ಕಾಲ. ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರನ್ನ ನೋಡಿ ಸೀರೆ ಉಡುವ ರೀತಿ ಬದಲಿಸಿದರು. ಒಳಗೆ ಪೆಟಿಕೋಟ್, ಮೇಲೆ ಬ್ಲೌಸ್, ಸೆರಗು ಎಡ ಭುಜಕ್ಕೆ. ಬಲಗೈ ಬಿಡುವಾಗಿರಲಿ ಅಂತ ಹಾಗೆ ಮಾಡಿದ್ದು ಅಂತಾರೆ. ಆಮೇಲೆ ಆ ಬ್ಲೌಸಿಗೆ ಲೇಸು, ಫ್ರಿಲ್ಲು, ಎತ್ತರದ ಕಾಲರ್ ಎಲ್ಲ ಸೇರಿತು. ಇವತ್ತು ನಾವು "ಫಾರ್ಮಲ್" ಅನ್ನೋ ಸೀರೆಯ ಬೇರಿನಲ್ಲಿ ಫ್ರಿಲ್ಲೂ ಇದೆ. ಮನೆಯಿಂದ ಹೊರಗೆ ಬರೋಕೆ ಹಾಕಿದ ಬಟ್ಟೆ ಅದು, ಗೊಂಬೆ ಥರ ಕೂರೋಕೆ ಅಲ್ಲ.

ವಡೋದರಾದ ಕಥೆ ಇನ್ನೂ ಚೆನ್ನಾಗಿದೆ. ಸಯಾಜಿರಾವ್ ಗಾಯಕವಾಡರ ಮಗಳು ಇಂದಿರಾ. ಗ್ವಾಲಿಯರ್ ಮಹಾರಾಜನ ಜೊತೆ ನಿಶ್ಚಯ ಆಗಿತ್ತು. 1911ರ ದಿಲ್ಲಿ ದರ್ಬಾರಿನ ಹೊತ್ತಿಗೆ ಕೂಚ್ ಬೆಹಾರಿನ ರಾಜಕುಮಾರನನ್ನ ಇಷ್ಟಪಟ್ಟು, ನಿಶ್ಚಯ ತಾವೇ ಮುರಿದರು. ಮದುವೆ ಆಗಿದ್ದು 1913ರಲ್ಲಿ, ಲಂಡನ್ನಿನಲ್ಲಿ. 1922ರಲ್ಲಿ ಗಂಡ ತೀರಿಕೊಂಡ ಮೇಲೆ ಚಿಕ್ಕ ಮಗನ ಪರವಾಗಿ ರಾಜ್ಯ ನಡೆಸಿದರು. ಷಿಫಾನ್ ಸೀರೆಗೆ ಈ ದೇಶದಲ್ಲಿ ಫ್ಯಾಷನ್ ತಂದವರೂ ಇವರೇ ಅಂತಾರೆ. ಫ್ರಾನ್ಸಿನಿಂದ ತರಿಸ್ತಿದ್ದರಂತೆ. ಇಟಲಿಯ ಸಾಲ್ವಟೋರೆ ಫೆರಗಾಮೊ ಹತ್ರ ಶೂ ಮಾಡಿಸೋಕೆ ತಮ್ಮದೇ ವಜ್ರ, ಮುತ್ತು ಕಳಿಸಿದ್ದರು. ದರ್ಬಾರಿಗೆ ಫೈಲ್ ತಂದ ದಿವಾನರು "ಇವತ್ತೇನು ವಿಶೇಷ?" ಅಂತ ಕೇಳಿರ್ತಾರಾ? ನನಗಂತೂ ಡೌಟು. ಹಣ ಇದ್ರೆ ಯಾರೂ ಕೇಳಲ್ಲ, ಅದು ಬೇರೆ ಮಾತು.

ಆ ಷಿಫಾನ್ ಈಗ ಅರಮನೆಯಲ್ಲಿಲ್ಲ, ಸೂರತ್‌ನಲ್ಲಿದೆ, ಪಾಲಿಯೆಸ್ಟರ್ ಆಗಿ. ರಿಂಗ್ ರೋಡಿನ ಮಾರ್ಕೆಟ್ ಕಟ್ಟಡಗಳೊಳಗೆ ಹೋದ್ರೆ ಜಾರ್ಜೆಟ್, ನೆಟ್, ಲೇಸ್ ಬಂಡಲ್‌ಗಳು ತಲೆ ಮೇಲೇ ಹೋಗ್ತಿರ್ತವೆ. ಬಹುಪಾಲು ಹೋಲ್‌ಸೇಲ್, ಒಂದು ಪೀಸ್ ಕೇಳಿದ್ರೆ ಮುಖವೂ ಎತ್ತಲ್ಲ. ನಮ್ಮಂಥವರು ಲೇಸ್ ಅಂಗಡಿಗಳಿಗೆ ಹೋಗಬೇಕು. ಅಲ್ಲೂ ಪೂರ್ತಿ ರೋಲ್ ತಗೊಳ್ಳಿ ಅನ್ನೋದು ಜಾಸ್ತಿ. ನಾವು ಮೂರು ಜನ ಗೆಳತಿಯರು ರೋಲ್ ತಗೊಂಡು ಹಂಚ್ಕೋತೀವಿ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಆ ಫ್ರಿಲ್ ಅಷ್ಟು ಅಗ್ಗ ಯಾಕೆ? ಸೂರತ್ ಪವರ್‌ಲೂಮ್‌ಗಳಲ್ಲಿ ದುಡಿಯೋರಲ್ಲಿ ದೊಡ್ಡ ಪಾಲು ಒಡಿಶಾದ ಗಂಜಾಂ ಕಡೆಯ ಗಂಡಸರು. ಹನ್ನೆರಡು ಗಂಟೆ ಪಾಳಿ, ಕಿವಿ ಕಿತ್ತುಹೋಗೋ ಸದ್ದು. ಸೀರೆಗೆ ಲೇಸ್ ಹೊಲಿಯೋದು, ಸ್ಟೋನ್ ಅಂಟಿಸೋದು, ದಾರ ಕತ್ತರಿಸೋದು ಮನೆಮನೆಯಲ್ಲಿ ಹೆಂಗಸರು, ಪೀಸ್ ಲೆಕ್ಕದಲ್ಲಿ. ನಾವೂ ವಲಸೆ ಬಂದೋರು, ಅವರೂ ವಲಸೆ. ಆದ್ರೆ ನಮ್ಮ ಹತ್ರ ಅಪ್ರೈಸಲ್ ಅಂತ ಜಗಳ ಆಡೋಕೊಂದು ಕಾಗದ ಇದೆ. ಇದು ಗೊತ್ತಾದ ಮೇಲೆ ನಾನು ತಿಂಗಳಿಗೊಂದು ಹೊಸ ಡ್ರೆಸ್ ಅನ್ನೋದು ನಿಲ್ಲಿಸಿದೆ. ಆರು ಲಂಗ ಇವೆ, ಕಾಟನ್ನಿನವು. ಹಳೇ ಲೇಸ್ ಬಿಚ್ಚಿ ಹೊಸದಕ್ಕೆ ಹೊಲಿಸ್ತೀನಿ. ಪ್ರತಿ ಬಿಲ್ಲಿಗೂ ಮುಖ ಸಿಂಡರಿಸೋದು ಬಿಟ್ಟೆ.

ಪ್ರಮೋಷನ್ ಈ ಸಲ ಬರಲಿಲ್ಲ. ಫ್ರಿಲ್ಲಿನಿಂದಲಾ ಅಂತ ಯಾರೂ ಹೇಳಲ್ಲ, ನಾನೂ ಸಾಬೀತು ಮಾಡಲಾರೆ. ಟೀಮಿಗೆ ಹೊಸದಾಗಿ ಬಂದ ಹುಬ್ಬಳ್ಳಿ ಹುಡುಗಿ ಮಾತ್ರ ಎರಡನೇ ವಾರವೇ ಮುಡಿಗೆ ಹೂ ಮುಡ್ಕೊಂಡು ಬಂದಳು. "ನಡೀತದಲ್ಲಕ್ಕಾ?" ಅಂದಳು. ನಡೀತದೆ ಅಂದೆ. ಕಾಫಿ ಮೆಷಿನ್ ಹತ್ರ ಇಬ್ಬರನ್ನೂ ಒಟ್ಟಿಗೆ ನೋಡಿ ಈಗ ಪ್ರಶ್ನೆ ಕೇಳೋರು ಸ್ವಲ್ಪ ಕಮ್ಮಿ.

ಶುರು ಮಾಡೋರಿಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳು ಇಲ್ಲಿ ಪಾಲಿಯೆಸ್ಟರ್ ಮುಟ್ಟಬೇಡಿ, ಮಲ್‌ಮಲ್ ಹಾಕಿ. ಸ್ಕೂಟರ್ ಹತ್ತೋ ಮುಂಚೆ ಲಂಗ ಎತ್ತಿ ಸೊಂಟಕ್ಕೆ ಪಿನ್ ಮಾಡಿ. ಬೈಕ್ ಹಿಂದೆ ಕೂರೋದಾದ್ರೆ ಸೀರೆ ಗಾರ್ಡ್ ಇದೆಯಾ ನೋಡಿ. ಹಿಂದಿನ ಚಕ್ರದ ಅರ್ಧ ಭಾಗ ಮುಚ್ಚಿರಬೇಕು ಅಂತ 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಜನ ಚಂದ ಕಾಣಲ್ಲ ಅಂತ ಬಿಚ್ಚಿಸಿಬಿಡ್ತಾರೆ. ಲೇಸ್ ಬಟ್ಟೆ ವಾಷಿಂಗ್ ಮೆಷಿನ್‌ಗೆ ಹಾಕೋದಾದ್ರೆ ಬಲೆ ಚೀಲದಲ್ಲಿ ಹಾಕಿ. ಸರಿ, ಹೋಗ್ಬರ್ತೀನಿ.